ಮೇಸ್ತ್ರಿಯ ಕಿವಿ

ಹಳೆಯ ಪಂಪುಗಳು ವಾಪಸು ಬಂದು ಬೀಳುವ ಶೆಡ್ಡಿನಲ್ಲಿ ಮೂವತ್ತನಾಲ್ಕು ವರ್ಷಗಳಿಂದ ಕೊನೆಯ ಮಾತು ಒಬ್ಬರದೇ. ಪಂಪನ್ನು ಬಿಚ್ಚಿ, ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ, ತುಕ್ಕು ಕಳೆದ ಎರಕದ ಕವಚವನ್ನು ಸರಪಳಿಗೆ ತೂಗುಹಾಕುತ್ತಾರೆ. ಮೇಸ್ತ್ರಿ ಹಿತ್ತಾಳೆಯ ಸುತ್ತಿಗೆಯಿಂದ ಒಂದೇ ಒಂದು ಏಟು ಕೊಡುತ್ತಾರೆ. ಟಣ್ ಎಂದು ದನಿ ಎಳೆದರೆ ಕವಚ ಗಟ್ಟಿ, ಇನ್ನೊಂದು ಪಂಪಿನ ಮೈಯಾಗಿ ಹೊರಡುತ್ತದೆ. ಟಪ್ ಎಂದು ಅಲ್ಲೇ ಸತ್ತರೆ ಒಳಗೆಲ್ಲೋ ಕೂದಲೆಳೆಯ ಬಿರುಕು, ಕುಲುಮೆಗೆ ಹೋಗಬೇಕು. ಕುಲುಮೆಗೆ ಹೋಗದೆ ಉಳಿದ ಕಬ್ಬಿಣ ಇಂದು ಎಷ್ಟು ಟನ್ನು ಎಂದು ಗೇಟಿನ ಪಕ್ಕದ ಪರದೆ ದಿನವಿಡೀ ಹೇಳುತ್ತಿರುತ್ತದೆ. ಅದರ ಮುಂದೆ ನಿಂತು ಮ್ಯಾನೇಜರು ಬಂದವರಿಗೆಲ್ಲ ಫೋಟೋ ತೆಗೆಸಿಕೊಡುತ್ತಾರೆ.

ಮೇಸ್ತ್ರಿಗೆ ನಿವೃತ್ತಿ ಹತ್ತಿರವಾಯಿತು. ಅವರ ಕಿವಿಯನ್ನು ಯಂತ್ರಕ್ಕೆ ಕಲಿಸುವ ಕೆಲಸ ಅವರ ಸೊಸೆಯ ಪಾಲಿಗೆ ಬಂತು. ಅವಳು ಅದೇ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದಳು. ಪ್ರತಿ ಕವಚದ ಮೇಲೂ ಒಂದು ತಗಡಿನ ಬಿಲ್ಲೆ, ಬಿಲ್ಲೆಯಲ್ಲಿ ಎರಕ ಹೊಯ್ದ ವರ್ಷ ಮತ್ತು ಒಂದು ಗುರುತು. ಕ್ಯಾಮೆರಾ ಆ ಗುರುತು ಓದಿದರೆ ಎಷ್ಟು ವರ್ಷ ದುಡಿದಿದೆ, ಎಲ್ಲೆಲ್ಲಿ ಇತ್ತು, ಎಷ್ಟು ಸಲ ಬಿಚ್ಚಿದ್ದಾರೆ, ಎಲ್ಲ ಪರದೆಗೆ ಬರುತ್ತಿತ್ತು. ಶೆಡ್ಡಿನವರು ಇದನ್ನು 'ಪೂರ್ವಾಪರ' ಎನ್ನುತ್ತಿದ್ದರು. ಮೇಸ್ತ್ರಿ ನಾಲ್ಕು ಸಾವಿರ ಕವಚ ಬಡಿದರು, ಪಾಸು ಫೇಲು ಹೇಳಿದರು. ಯಂತ್ರ ದನಿಯನ್ನೂ ಪೂರ್ವಾಪರವನ್ನೂ ಅವರ ತೀರ್ಪನ್ನೂ ಒಟ್ಟಿಗೆ ನುಂಗಿತು. ಕೊನೆಗೆ ನೂರಕ್ಕೆ ತೊಂಬತ್ತೇಳು ಸಲ ಮೇಸ್ತ್ರಿ ಹೇಳಿದ್ದನ್ನೇ ಹೇಳತೊಡಗಿತು.

"ಹೆತ್ತ ಮಗನೂ ಅಪ್ಪನ್ನ ಇಷ್ಟು ಒಪ್ಪಲ್ಲ ಬಿಡಿ!" ಎಂದು ಮ್ಯಾನೇಜರು ನಕ್ಕರು. ನಕ್ಕ ಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಮೇಸ್ತ್ರಿಯ ಮಗ, ಅವಳ ಗಂಡ, ಎರಡೂವರೆ ವರ್ಷದ ಹಿಂದೆ ಒಂದು ಸಂಜೆ ಬೈಕು ತೆಗೆದುಕೊಂಡು ಹೋದವನು ಜೀವಂತ ಮನೆಗೆ ಬಂದಿರಲಿಲ್ಲ. ಮೇಸ್ತ್ರಿ ಮಾತ್ರ ಏನೂ ಆಗದವರಂತೆ ಮುಗುಳ್ನಕ್ಕರು. ಮಾವನದು ಎಂಥ ದೊಡ್ಡ ಮನಸ್ಸು ಎಂದು ಅವಳಿಗೆ ಅನ್ನಿಸಿತು.

ಯಂತ್ರಕ್ಕೆ 'ಮೇಸ್ತ್ರಿ ಕಿವಿ' ಎಂದು ಹೆಸರಿಟ್ಟು ಹಳದಿ ಅಕ್ಷರದ ಸ್ಟಿಕ್ಕರ್ ಅಂಟಿಸಿದರು. ಇಷ್ಟು ಒಳ್ಳೆಯ ಕಿವಿ ಇರುವಾಗ ನೀರಿನ ಪರೀಕ್ಷೆ ಯಾಕೆ ಎಂದು ಮ್ಯಾನೇಜರು ಅದನ್ನೂ ನಿಲ್ಲಿಸಿದರು. ಅಲ್ಲಿಯವರೆಗೆ ಪಾಸಾದ ಕವಚಗಳಿಗೆ ಒತ್ತಡದಲ್ಲಿ ನೀರು ತುಂಬಿಸಿ ಜಿನುಗುತ್ತದೆಯೇ ಎಂದು ನೋಡುತ್ತಿದ್ದರು. ಆ ಪರೀಕ್ಷೆಯ ನೀರಿನ ತೊಟ್ಟಿ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಮೇಸ್ತ್ರಿಯ ಹಳೆಯ ಗೆಳೆಯ. ಅವನನ್ನು ಪ್ಯಾಕಿಂಗಿಗೆ ಹಾಕಿದರು.

ಮೂರು ವಾರ ಎಲ್ಲ ಸುಸೂತ್ರ. ನಾಲ್ಕನೆಯ ಸೋಮವಾರ ಒಂದು ಸಣ್ಣ ಪಂಪು ವಾಪಸು ಬಂತು. ಬಿಸಿನೀರಿನ ಕೊಳವೆಗೆ ಹಾಕುವಂಥದ್ದು; ಆಸ್ಪತ್ರೆಗಳಿಗೆ, ಹಾಸ್ಟೆಲ್ಲುಗಳಿಗೆ ಹೋಗುವುದು ಇದೇ. ಕವಚದ ಕತ್ತಿನಲ್ಲಿ ಸೀಳು, ಅದರಿಂದ ಕುದಿನೀರು ಚಿಮ್ಮಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಗೋಡೆಯಷ್ಟೇ ಬೆಂದಿತ್ತು.

ಯಂತ್ರ ಯಾವುದನ್ನು ನೋಡಿ ತೀರ್ಪು ಕೊಡುತ್ತಿದೆ ಎಂದು ಅವಳು ಲೆಕ್ಕ ಬಿಚ್ಚಿ ಕೂತಳು. ದೊಡ್ಡ ಕವಚಗಳಲ್ಲಿ ಅದು ದನಿಯನ್ನೇ ಕೇಳುತ್ತಿತ್ತು. ಸಣ್ಣವುಗಳಲ್ಲಿ ದನಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ಬಿಲ್ಲೆಯ ಮೇಲಿನ ವರ್ಷ ನೋಡುತ್ತಿತ್ತು. ಎಂಟು ವರ್ಷದ ಒಳಗಿನದು ಪಾಸು, ದಾಟಿದ್ದು ಫೇಲು.

"ಮೈಗಳ್ಳ!" ಎಂದು ಅವಳು ಯಂತ್ರವನ್ನು ಬೈದಳು. ಹಳೆಯದೇ ಹೆಚ್ಚು ಬಿರುಕು ಬಿಡುತ್ತದೆ, ಹಾಗಾಗಿ ಕೇಳುವ ಕಷ್ಟ ಬಿಟ್ಟು ಸುಲಭದ ದಾರಿ ಹಿಡಿದಿದೆ ಎಂದುಕೊಂಡಳು. ಮದ್ದು ಸರಳವಾಗಿತ್ತು. ಬಿಲ್ಲೆ ಮುಚ್ಚಿ ಬರೀ ದನಿಯಿಂದ ಹೊಸದಾಗಿ ಕಲಿಸುವುದು. ಮರುದಿನ ಐವತ್ತು ಸಣ್ಣ ಕವಚಗಳ ಬಿಲ್ಲೆಗಳ ಮೇಲೆ ಕಪ್ಪು ಟೇಪು ಸುತ್ತಿ ಮಾವನನ್ನು ಕರೆದಳು.

"ಇದೇನಮ್ಮ, ಎಲ್ಲಕ್ಕೂ ಬ್ಯಾಂಡೇಜು?"

"ಕ್ಯಾಮೆರಾ ಓದಬಾರದು ಮಾವ. ನೀವು ಬಡೀರಿ ಸಾಕು."

ಮೇಸ್ತ್ರಿ ಸುತ್ತಿಗೆ ಎತ್ತಿದವರು ಇಳಿಸಿದರು. ಟೇಪನ್ನು ಹೆಬ್ಬೆರಳಿನಿಂದ ಸವರಿದರು. ಮತ್ತೆ ಎತ್ತಿ ಬಡಿದರು. ಒಡಕು ಮಡಕೆಗೆ ಕೈ ತಾಗಿದ ಹಾಗೆ ಸದ್ದು ಬಂತು. ಏನೂ ತರಬೇತಿಯಿಲ್ಲದ ಅವಳ ಕಿವಿಗೂ ಅದು ತಿಳಿಯಿತು.

"ಪಾಸು," ಎಂದರು ಮೇಸ್ತ್ರಿ.

ಅವಳ ಹುಬ್ಬು ಅವಳಿಗೆ ಅರಿವಿಲ್ಲದೆ ಮೇಲೆ ಹೋಯಿತು. ಮೇಸ್ತ್ರಿಯ ಕಣ್ಣು ಅವಳ ಹುಬ್ಬಿನ ಮೇಲೇ ಇತ್ತು.

"ಅಲ್ಲಲ್ಲ, ಫೇಲು."

ಎರಡನೆಯದು. ಮೂರನೆಯದು. ಪ್ರತಿ ಏಟಿಗೂ ಅವರು ಮೊದಲು ಅವಳ ಮುಖ ನೋಡಿ ಆಮೇಲೆ ಬಾಯಿ ತೆರೆಯುತ್ತಿದ್ದರು. ಅವಳು ಏನೋ ಬರೆದುಕೊಳ್ಳುವವಳಂತೆ ಮೆಲ್ಲನೆ ಬೆನ್ನು ತಿರುಗಿಸಿ ನಿಂತಳು. ಏಟು ಬಿತ್ತು. ಸಣ್ಣ ಕವಚ ಹಕ್ಕಿಯ ಹಾಗೆ ಉದ್ದಕ್ಕೆ ಕೂಗಿತು. ಹಿಂದಿನಿಂದ ಮಾತೇ ಇಲ್ಲ. ತಿರುಗಿದಾಗ ಮೇಸ್ತ್ರಿ ಸುತ್ತಿಗೆಯ ಹಿಡಿಯನ್ನು ಒರೆಸುತ್ತಿದ್ದರು.

"ತಲೆ ಸಿಡೀತಿದೆ ಕಣಮ್ಮ. ನಾಳೆ ನೋಡಿದ್ರಾಯ್ತು," ಎಂದು ಹೊರಟೇಬಿಟ್ಟರು.

ಸಂಜೆ ಮನೆಯಲ್ಲಿ ಅವಳು ಚಪ್ಪಲಿ ಬಿಡುವಾಗ ಒಳಗೆ ಕುಕ್ಕರು ಕೂಗುತ್ತಿತ್ತು. ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದ ಮಾವ ಪತ್ರಿಕೆಯಿಂದ ಕಣ್ಣೆತ್ತಲಿಲ್ಲ. ಎರಡೂವರೆ ವರ್ಷದಿಂದ ಈ ಮನೆಯಲ್ಲಿ ಯಾರೂ ದನಿ ಎತ್ತಿ ಮಾತಾಡಿರಲಿಲ್ಲ. ಕರೆದರೆ ಮಾವ ಓಗೊಡುತ್ತಿರಲಿಲ್ಲ. ಅವಳು ಅದನ್ನು ದುಃಖ ಎಂದುಕೊಂಡಿದ್ದಳು. ತನಗೂ ಓಗೊಡಲು ಮನಸ್ಸಿಲ್ಲದ ದಿನಗಳಿದ್ದವು; ಹಾಗಾಗಿ ಎರಡನೆಯ ಸಲ ಕರೆಯುತ್ತಲೂ ಇರಲಿಲ್ಲ.

ಹಿತ್ತಿಲಿನಲ್ಲಿ ಅತ್ತೆ ಬಟ್ಟೆ ತೆಗೆಯುತ್ತಿದ್ದರು.

"ಅತ್ತೆ, ಮಾವನಿಗೆ ಕಿವಿ ಕೇಳ್ಸಲ್ವಾ?"

ಅತ್ತೆ ಒಂದು ಅಂಗಿಯನ್ನು ನಾಲ್ಕು ಸಲ ಮಡಿಸಿದರು. "ದಪ್ಪ ಸದ್ದು ಕೇಳ್ಸುತ್ತೆ. ಸಣ್ಣದು ಹೋಗಿದೆ."

"ಯಾವಾಗಿಂದ?"

"ಅವನು ಹೋಗೋಕೆ ಮುಂಚಿನಿಂದಾನೇ ಶುರುವಾಗಿತ್ತು. ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ ಅಂದಿದ್ದ. ಆಮೇಲೆ ಯಾರು ಕರ್ಕೊಂಡು ಹೋಗೋರು?"

"ನಂಗೆ ಹೇಳ್ಬಹುದಿತ್ತಲ್ಲ!"

"ನಿಂಗೆ ಹೇಳಿದ್ರೆ ನೀನು ಕಾರ್ಖಾನೇಲಿ ಹೇಳ್ತಿದ್ದೆ. ಸುಳ್ಳು ಹೇಳೋಕೆ ಬರಲ್ಲ ನಿಂಗೆ, ಮುಖದಲ್ಲೇ ಕಾಣುತ್ತೆ." ಅತ್ತೆ ಬಟ್ಟೆಯ ಗಂಟನ್ನು ಸೊಂಟಕ್ಕೆ ಏರಿಸಿಕೊಂಡರು. "ನೆಂಟರೆಲ್ಲ ನಿನ್ನ ಕೆಲಸ ಬಿಡಿಸಿ ತವರಿಗೆ ಕಳಿಸಿ ಅಂದಾಗ ನಿನ್ನ ಪರ ಎದ್ದು ನಿಂತೋರು ಅವರೊಬ್ಬರೇ. ನೆನಪಿರ್ಲಿ. ಯಂತ್ರದ ತಪ್ಪು ಅಂತ ಬರೆದುಬಿಡು. ಯಂತ್ರಕ್ಕೇನು ಮಾನವೋ ಮರ್ಯಾದೆಯೋ?"

ಬೆಳಿಗ್ಗೆ ಅವಳು ಎಲ್ಲರಿಗಿಂತ ಮುಂಚೆ ಹೋದಳು. ಪ್ಯಾಕಿಂಗ್ ಹಾಲಿನಲ್ಲಿ ನೂರ ಎಂಬತ್ತು ಸಣ್ಣ ಪಂಪುಗಳು ರಟ್ಟಿನ ಪೆಟ್ಟಿಗೆಯಲ್ಲಿ ಸಾಲಾಗಿದ್ದವು. ಹತ್ತು ಗಂಟೆಗೆ ಲಾರಿ. ವಾಪಸು ಬಂದದ್ದನ್ನು ಬಿಟ್ಟು ಮೂವತ್ತೆರಡು ಈಗಾಗಲೇ ಹೊರಗೆ ಹೋಗಿದ್ದವು. ಮೀಸೆ ಟೀ ಲೋಟ ಹಿಡಿದು ಬಂದ.

"ಮೀಸೆ ಅಣ್ಣ, ಒಂದು ಮಾತು ಕೇಳ್ತೀನಿ. ನಿಮ್ಮ ತೊಟ್ಟೀಲಿ ಮಾವ ಪಾಸು ಮಾಡಿದ್ದು ಜಿನುಗ್ತಿತ್ತಾ?"

ಮೀಸೆ ಲೋಟದೊಳಗೆ ನೋಡಿದ. "ವಾರಕ್ಕೆ ಏಳೆಂಟು."

"ಅದನ್ನೆಲ್ಲ ಬರೆದಿಲ್ಲವಲ್ಲ?"

"ಮೇಸ್ತ್ರಿ ತಪ್ಪು ಮಾಡಿದ ಅಂತ ನಾನು ಬರೀಲಾ? ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದೋರು. ಸುಮ್ಮನೆ ಕುಲುಮೆ ರಾಶಿಗೆ ತಳ್ಳಿಬಿಡ್ತಿದ್ದೆ."

"ತೊಟ್ಟಿ ನಿಲ್ಲಿಸ್ದಾಗಲಾದ್ರೂ ಹೇಳ್ಬೇಕಿತ್ತು!"

"ಯಂತ್ರಕ್ಕೆ ಅದರದೇ ಕಿವಿ ಇರುತ್ತೆ ಅಂದ್ಕೊಂಡೆ ತಾಯಿ," ಎಂದ ಮೀಸೆ. "ಇವನ ಕಿವೀನೇ ಕಿತ್ತು ಅದಕ್ಕೆ ಇಟ್ಟಿದ್ದೀರ ಅಂತ ನಂಗೆಲ್ಲಿ ಗೊತ್ತು?"

ಅವಳು ಪರದೆಯಲ್ಲಿ ಸಾಗಣೆ ತಡೆಯುವ ಗುಂಡಿ ಒತ್ತಿದಳು. ಕಾರಣ ಆರಿಸಿ ಎಂದಿತು. ಯಂತ್ರದ ದೋಷ. ಅಳತೆಯ ದೋಷ. ಪರಿಶೀಲಕರ ದೋಷ. ಬೆರಳು ಮೊದಲನೆಯದರ ಮೇಲೆ ಹೋಗಿ ನಿಂತಿತು. ಅದನ್ನು ಒತ್ತಿದರೆ ಪೆಟ್ಟಿಗೆಗಳು ಇಂದು ನಿಲ್ಲುತ್ತವೆ. ನಾಳೆ ಯಂತ್ರವನ್ನು ಅಳಿಸಿ ಅದೇ ನಾಲ್ಕು ಸಾವಿರ ತೀರ್ಪುಗಳಿಂದ ಮತ್ತೆ ಕಲಿಸುತ್ತಾರೆ. ಸಣ್ಣವುಗಳಲ್ಲಿ ಅದು ಮತ್ತೆ ಮಾವನ ಹಾಗೇ ಬಿಲ್ಲೆಯ ವರ್ಷ ನೋಡುತ್ತದೆ. ಇನ್ನೊಂದು ಕತ್ತು ಸೀಳುತ್ತದೆ, ಆಗ ಪಕ್ಕದಲ್ಲಿ ಗೋಡೆ ಮಾತ್ರ ಇರುತ್ತದೆ ಎಂದು ಹೇಳುವವರು ಯಾರು?

ಅವಳು ಮೂರನೆಯದನ್ನು ಒತ್ತಿದಳು. ಪರಿಶೀಲಕರು ಯಾರು ಎಂಬ ಜಾಗದಲ್ಲಿ ಮಾವನ ಹೆಸರು ತಾನಾಗಿಯೇ ಬಂದು ಕೂತಿತು.

ಹನ್ನೊಂದು ಗಂಟೆಗೆ ಶೆಡ್ಡಿಗೆಲ್ಲ ಗೊತ್ತಾಗಿತ್ತು. ತೊಟ್ಟಿಗೆ ಮತ್ತೆ ನೀರು ಬಿಟ್ಟರು. ಸಣ್ಣ ಪಂಪುಗಳನ್ನು ಒಂದೊಂದಾಗಿ ಬಿಚ್ಚಿ ಕವಚಕ್ಕೆ ಕೆಂಪು ಬಣ್ಣ ಹಚ್ಚಿ ಒರೆಸಿದರು. ಬಿರುಕಿದ್ದಲ್ಲಿ ಬಣ್ಣ ಒಳಗಿಳಿದು ಗೆರೆಯಾಗಿ ಉಳಿಯುತ್ತಿತ್ತು. ಹೊರಗೆ ಹೋದವುಗಳಿಗಾಗಿ ಮ್ಯಾನೇಜರು ಬೆವರೊರೆಸುತ್ತ ಫೋನು ಮಾಡುತ್ತಿದ್ದರು. ಸಂಜೆಯವರೆಗೆ ಇಪ್ಪತ್ತೆಂಟು ಕಡೆ ಪಂಪು ನಿಲ್ಲಿಸಿದರು. ನಾಲ್ಕು ಕಡೆ ಯಾರೂ ಫೋನು ಎತ್ತಲಿಲ್ಲ. ಗೇಟಿನ ಪರದೆಯನ್ನು ಯಾರೋ ಆಫ್ ಮಾಡಿದ್ದರು. ಯಂತ್ರದ ಮೇಲಿನ ಹಳದಿ ಅಕ್ಷರಗಳನ್ನು ಒಬ್ಬ ಬ್ಲೇಡು ಹಿಡಿದು ಕೆರೆಯುತ್ತಿದ್ದ. ಪೂರ್ತಿ ಹೋಗಲಿಲ್ಲ, 'ಕಿವಿ' ಉಳಿದಿತ್ತು.

ಮೇಸ್ತ್ರಿ ಆ ದಿನ ಕೆಲಸಕ್ಕೆ ಬಂದಿರಲಿಲ್ಲ.

ರಾತ್ರಿ ಮೂವರೂ ಊಟಕ್ಕೆ ಕೂತರು. ಅತ್ತೆ ಅವಳ ತಟ್ಟೆಗೆ ಬಡಿಸಿದರು, ಮುಖ ನೋಡಲಿಲ್ಲ. ಮಾವ ಅರ್ಧ ಊಟದಲ್ಲಿ ಕೈ ನಿಲ್ಲಿಸಿದರು.

"ಎಷ್ಟು?" ಎಂದರು.

"ಮೂವತ್ತೊಂದು," ಎಂದಳು ಅವಳು, ಎರಡೂವರೆ ವರ್ಷದ ರೂಢಿಯಂತೆ ಮೆಲ್ಲಗೆ, ತಟ್ಟೆ ನೋಡುತ್ತ.

ಮಾವ ಕಾದರು. ಅವಳ ಮುಖ ಬಾಗಿದ್ದರಿಂದ ತುಟಿ ಕಾಣಲಿಲ್ಲ. ಅವರು ಇಷ್ಟು ದಿನ ಮಾಡದಿದ್ದ ಕೆಲಸ ಮಾಡಿದರು: ಅಂಗೈಯನ್ನು ಕಿವಿಯ ಹಿಂದೆ ಇಟ್ಟು ಅವಳ ಕಡೆ ಬಗ್ಗಿದರು.

"ಕೇಳಿಸ್ಲಿಲ್ಲಮ್ಮ. ಎಷ್ಟು ಒಡೆದಿದ್ವು?"

ಅವಳು ತಲೆ ಎತ್ತಿದಳು.

"ಮೂವತ್ತೊಂದು, ಮಾವಾ!" ಎಂದು ಕೂಗಿದಳು.

ಆ ಸದ್ದಿಗೆ ಅತ್ತೆಯ ಕೈಯ ಸೌಟು ಪಾತ್ರೆಗೆ ತಾಗಿ ಟಣ್ ಎಂದಿತು. ಮಾವ ಅದರ ಕಡೆ ತಿರುಗಲಿಲ್ಲ. ತಲೆಯನ್ನು ಎರಡು ಸಲ ಆಡಿಸಿದರು, ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು.