ಕ್ರೇನ್ ಸೆಟ್ಟಿಗೆ ಕಾಯಿರಿ ಎಂದವಳು

ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಅವಳಿಗೆ ‘ಡಿಸ್ಕೌಂಟ್ ಅಕ್ಕ’ ಎಂಬ ಹೆಸರು ಬಿದ್ದು ವರ್ಷಗಳಾಗಿದ್ದವು. ಕತ್ತರಿಸಿ ಬಂದ ಗ್ಲಾಸುಗಳ ಪವರ್ ಸರಿಯಿದೆಯೇ ಎಂದು ನೋಡಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಆದರೆ ಆನ್‌ಲೈನಿನಲ್ಲಿ ಏನೇ ಕೊಳ್ಳುವುದಿದ್ದರೂ ಎಲ್ಲರೂ ಮೊದಲು ಅವಳಿಗೆ ಫೋನು ತೋರಿಸುತ್ತಿದ್ದರು. ಬೇಕಾದ್ದನ್ನು ಕಾರ್ಟಿಗೆ ಹಾಕಿ ಸುಮ್ಮನೆ ಬಿಟ್ಟುಬಿಡಿ, ಅಂಗಡಿಯವರೇ ಕೂಪನ್ ಹಿಡಿದುಕೊಂಡು ಹಿಂದೆ ಬರುತ್ತಾರೆ ಎನ್ನುವುದು ಅವಳು ಕಲಿಸಿದ ಪಾಠ. ಮಿಕ್ಸರು, ಚಪ್ಪಲಿ, ಸೈಕಲ್ಲುಗಳ ವಿಷಯದಲ್ಲಿ ಆ ಪಾಠ ಫಲಿಸಿತ್ತು. ಮಾಲೀಕರ ಅತ್ತೆಯೂ ಹಾಸಿಗೆ ಕೊಳ್ಳುವ ಮುನ್ನ ಇವಳನ್ನೇ ಕೇಳಿದ್ದರು.

ಒಂದು ಮಧ್ಯಾಹ್ನ ಗ್ಲಾಸು ಕತ್ತರಿಸುವವನು ಮಷೀನು ನಿಲ್ಲಿಸಿ, ಕೈ ಒರೆಸಿಕೊಂಡು ತನ್ನ ಫೋನು ತಂದ. ಬ್ಲಾಕುಗಳನ್ನು ಜೋಡಿಸಿ ಕಟ್ಟುವ ಆಟಿಕೆ, ಬಂದರಿನ ಕ್ರೇನ್ ಸೆಟ್. ಕಂಪನಿ ಅದನ್ನು ತಯಾರಿಸುವುದು ಬಿಟ್ಟು ಬಹಳ ಕಾಲವಾಗಿತ್ತು. ಮನೆ ಬದಲಿಸುವ ಯಾರೋ ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಹಾಕಿದ್ದರು. ಒಂದು ತುಂಡೂ ಕಳೆದಿರಲಿಲ್ಲ. ಅವನ ಮಗಳು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿದ್ದಳು. ಮಂಚದ ಮೇಲೆ ಕೂತೇ ಕಟ್ಟುವಂಥ ದೊಡ್ಡದೊಂದು ಬೇಕೆಂದು ಹಟ ಹಿಡಿದಿದ್ದಾಳೆ, ಈ ಬೆಲೆ ಸರಿಯೇ ಎಂದು ಅವನು ಕೇಳಿದ.

ಬೆಲೆ ತೀರಾ ಕಡಿಮೆಯಿತ್ತು. ಅದೇ ಸೆಟ್ಟನ್ನು ಅವಳು ತನ್ನ ಮಗನಿಗಾಗಿ ಎಷ್ಟೋ ದಿನಗಳಿಂದ ಹುಡುಕುತ್ತಿದ್ದಳು. ಕಣ್ಣಿಗೆ ಬಿದ್ದದ್ದೆಲ್ಲ ಒಂದೋ ಕೈಗೆಟುಕದ್ದು, ಇಲ್ಲವೇ ಕೊಕ್ಕೆಯೇ ಇಲ್ಲದ ಕ್ರೇನು.

“ಸ್ವಲ್ಪ ಕಾಯಿರಿ,” ಎಂದಳು. “ಆತುರ ತೋರಿಸ್ಬೇಡಿ. ಇಳಿಸ್ತಾರೆ.”

ಹೊಸ ಸಾಮಾನಿಗೆ ಆ ಮಾತು ನಿಜ. ಹಳೆಯದು ಒಂದೇ ಒಂದು ಇರುತ್ತದೆ. ಮೊದಲು ಕೈ ಹಾಕಿದವರ ಪಾಲು. ಈ ವ್ಯತ್ಯಾಸ ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

ಸಂಜೆ ಬಸ್ಸಿನಲ್ಲಿ ಕೂತು, ಇನ್ನೂ ಇದೆಯೋ ನೋಡೋಣ ಎಂದಷ್ಟೇ ಫೋನು ತೆರೆದಳು. ಇಳಿಯುವ ಸ್ಟಾಪು ಬರುವಷ್ಟರಲ್ಲಿ ಸೆಟ್ ಅವಳದಾಗಿತ್ತು.

ಡಬ್ಬ ಬಂದಾಗ ಮಗ ಶಾಲೆಯಲ್ಲಿದ್ದ. ಹುಟ್ಟುಹಬ್ಬಕ್ಕೆ ಕೊಟ್ಟರಾಯಿತೆಂದು ಅದನ್ನು ಬೀರುವಿನ ಮೇಲೆ, ಹಳೆಯ ಹೊದಿಕೆಗಳ ಹಿಂದಕ್ಕೆ ತಳ್ಳಿದಳು. ಇಷ್ಟು ಅಗ್ಗಕ್ಕೆ ಎಲ್ಲಿ ಸಿಕ್ಕಿತೆಂದು ಗಂಡ ಕೇಳಿದ. ಎರಡು ಸಲ ಮಾತು ಹಾರಿಸಿ ಮೂರನೆಯ ಸಲಕ್ಕೆ ಹೇಳಿಬಿಟ್ಟಳು.

“ಬೇಲಿಯೇ ಎದ್ದು ಹೊಲ ಮೇಯ್ತು ಅನ್ನು,” ಎಂದು ನಕ್ಕು ಅವನು ಮತ್ತೆ ಪೇಪರು ಎತ್ತಿಕೊಂಡ. ಬೈದಿದ್ದರೆ ತಿರುಗಿ ಜಗಳವಾಡಬಹುದಿತ್ತು.

ಅವಳ ಮಾತಿನಂತೆ ಕೆಲವು ದಿನ ಬಿಟ್ಟು ಆ್ಯಪು ತೆರೆದು ನೋಡಿ, ಸೆಟ್ ಮಾರಾಟವಾಗಿ ಹೋದ ಸುದ್ದಿಯನ್ನು ಗ್ಲಾಸು ಕತ್ತರಿಸುವವನೇ ಅವಳಿಗೆ ತಿಳಿಸಿದ. ತಿಳಿಸಿದ್ದಲ್ಲದೆ, ನೀವೇನು ಮಾಡೋಕಾಗುತ್ತೆ, ನನ್ನ ಹಣೆಬರಹ ಎಂದು ಅವಳಿಗೇ ಸಮಾಧಾನ ಹೇಳಿದ. ಮಗಳು ದಿನಾ ಬೆಳಿಗ್ಗೆ ‘ಇಳೀತಾ?’ ಎಂದು ಕೇಳುತ್ತಿದ್ದಳಂತೆ. ಅಕ್ಕ ಹೇಳಿದ್ದಾರೆ, ಇಳಿದೇ ಇಳಿಯುತ್ತದೆ ಎಂದು ಇವನು ಹೇಳುತ್ತಿದ್ದನಂತೆ. ಇನ್ನೊಂದು ಎಲ್ಲಾದರೂ ಕಂಡರೆ ಮರೆಯದೆ ತಿಳಿಸಿ ಎಂದ. ಅವಳು ತಲೆ ಎತ್ತದೆ ಹೂಂ ಅಂದಳು. ಆ ಸಂಜೆ ಬೀರುವಿನ ಮೇಲಿನ ಡಬ್ಬವನ್ನು ಕೆಳಗಿಳಿಸಿದಳು.

ಮರುದಿನ ಡಬ್ಬವನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. ಬೇರೆ ಕಡೆ ಇನ್ನೊಂದು ಸಿಕ್ಕಿತು ಎಂದು ಹೇಳಬೇಕಾದ ಸುಳ್ಳನ್ನು ದಾರಿಯುದ್ದಕ್ಕೂ ಹದಗೊಳಿಸಿಕೊಂಡಳು. ಸುಳ್ಳು ಸರಾಗವಾಗಿಯೇ ಬಂತು. ಅವನು ಡಬ್ಬವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕೌಂಟರಿನ ಹುಡುಗಿಯನ್ನು ಕರೆದು ತೋರಿಸಿದ.

“ನಮ್ಮಕ್ಕ ಬಿಡ್ತಾರಾ?” ಎಂದಳು ಹುಡುಗಿ. “ಪಾತಾಳಗರಡಿ ಹಾಕಿಯಾದ್ರೂ ಎತ್ತಿ ತರ್ತಾರೆ.”

ಅವನು ಮಗಳಿಗೆ ಹೇಳಲು ಫೋನು ತೆಗೆದ. ಅಕ್ಕನ ಕೈಗೂ ಕೊಡುತ್ತೇನೆ, ಮಗಳೇ ಥ್ಯಾಂಕ್ಸ್ ಹೇಳಲಿ ಎಂದ.

“ಫೋನ್ ಮಾಡ್ಬೇಡಿ, ನಿಲ್ಲಿ,” ಎಂದಳು. “ಇದು ಬೇರೆದಲ್ಲ. ನೀವು ತೋರಿಸಿದ್ದೇ. ಅವತ್ತೇ ಸಂಜೆ ನಾನು ತಗೊಂಡೆ.”

ಕೌಂಟರಿನ ಹುಡುಗಿ ಯಾರೋ ಗಿರಾಕಿ ಬಂದಂತಾಯಿತು ಎನ್ನುತ್ತಾ ಮುಂದಿನ ಕೋಣೆಗೆ ಹೋದಳು. ಅವನು ಫೋನನ್ನು ಮೇಜಿನ ಮೇಲಿಟ್ಟ.

“ಕಾಯಿರಿ ಅಂದ್ರಲ್ಲ ಅಕ್ಕ, ಆಗ್ಲೇ ಮನಸ್ಸಲ್ಲಿತ್ತಾ? ಆಮೇಲೆ ಬಂತಾ?”

ಬಸ್ಸಿನಲ್ಲಿ ಬಂತು ಎಂದಿದ್ದರೆ ಅವನು ನಂಬುತ್ತಿದ್ದ. ಇಷ್ಟು ದಿನ ಅವಳೂ ತನಗೆ ತಾನೇ ಹಾಗೆಂದೇ ಹೇಳಿಕೊಂಡಿದ್ದಳು.

“ಆಗ್ಲೇ ಇತ್ತು.”

ಅವನು ತಲೆಯಾಡಿಸಿದ. ಅವಳು ಕೊಟ್ಟಷ್ಟು ಬೆಲೆಯನ್ನು ಅಲ್ಲಿಯೇ ಅವಳ ಖಾತೆಗೆ ಹಾಕಿದ. ಬೇಡವೆಂದದ್ದಕ್ಕೆ, ಪುಕ್ಕಟೆ ತೆಗೆದುಕೊಂಡರೆ ಮಗಳಿಗೆ ಏನೆಂದು ಹೇಳಲಿ ಎಂದು ಕೇಳಿ, ಡಬ್ಬವನ್ನು ತನ್ನ ಚೀಲಕ್ಕೆ ಹಾಕಿಕೊಂಡು ಮಷೀನು ಶುರು ಮಾಡಿದ.

ದಿನಾ ಅವಳ ಕೈಗೇ ಕೊಡುತ್ತಿದ್ದ ಗ್ಲಾಸುಗಳ ಟ್ರೇಯನ್ನು ಅಂದು ಅವನು ಮೇಜಿನ ಆ ಕೊನೆಗೆ ಇಟ್ಟು ಹೋದ. ಅವಳು ಒಂದೊಂದನ್ನೇ ಎತ್ತಿ ಪರೀಕ್ಷಿಸಿದಳು. ಒಂದಾದರೂ ತಪ್ಪಿದ್ದರೆ ಅವನನ್ನು ಕರೆದು ಮಾತನಾಡಿಸಬಹುದಿತ್ತು. ಎಲ್ಲವೂ ಸರಿಯಾಗಿದ್ದವು.