ಡಬಲ್ ಮಾತ್ರೆ

ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಪಕ್ಕದ ತನ್ನ ಮೆಡಿಕಲ್ ಸ್ಟೋರಿನಲ್ಲಿ ಶಾಂತರಾಜು ಮಾತ್ರೆಗಳಿಗೆಲ್ಲ ತಾನೇ ಹೆಸರಿಟ್ಟಿದ್ದ. ಎರಡು ಔಷಧಿ ಸೇರಿಸಿ ಮಾಡಿದ ಒಂದು ಆಂಟಿಬಯೋಟಿಕ್ಕಿಗೆ ‘ಡಬಲ್’ ಎಂದ. ಹಳ್ಳಿಯವರ ಬಾಯಲ್ಲಿ ಅದೇ ನಿಂತಿತು. ಮಾತ್ರೆಪಟ್ಟಿಯ ಹಿಂಬದಿಯ ಸಣ್ಣಕ್ಷರದ ಎರಡು ಹೆಸರುಗಳಲ್ಲಿ ಒಂದು ಸಲ್ಫಾ ಜಾತಿಯದು ಎಂಬುದು ಅವನು ಓದಿ ಪಾಸಾದ ಸಂಗತಿಯೇ. ಆದರೆ ಕರೆದೂ ಕರೆದೂ ಅವನ ಪಾಲಿಗೂ ಅದು ಬರೀ ಡಬಲ್ಲಾಗಿ ಹೋಗಿತ್ತು.

ಸತ್ತೇಗಾಲದ ಚಿಕ್ಕನಿಂಗಮ್ಮ ದಿನಾ ಬಸ್ಸಿನಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗೆ ಬರುವವಳು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕುವುದು ಅವಳ ಕೆಲಸ. ಹಿಂದೊಮ್ಮೆ ಯಾವುದೋ ಮಾತ್ರೆ ನುಂಗಿ ಮೈಯೆಲ್ಲ ದದ್ದೆದ್ದಾಗ ಯಳಂದೂರಿನ ಡಾಕ್ಟರು ಒಂದು ಮಾತು ಕಲಿಸಿ ಕಳಿಸಿದ್ದರು. ತಲೆನೋವಿನ ಮುಲಾಮು ಕೊಳ್ಳುವಾಗಲೂ ಅವಳು ಅದನ್ನು ಒಪ್ಪಿಸುತ್ತಿದ್ದಳು: “ಸಲ್ಫಾ ನಂಗಾಗಕಿಲ್ಲ ಕಣಪ್ಪ.”

ಶಾಂತರಾಜುವಿಗೆ ತಮಾಷೆಯ ಚಪಲ. ಒಂದು ದಿನ ಅಂಗಡಿ ತುಂಬ ಜನರಿರುವಾಗಲೇ ರೇಗಿಸಿದ. “ಎಷ್ಟ್ ಸಲ ಏಳ್ತೀಯವ್ವ? ನಿನ್ ಜಾತ್ಕ ನಂಗೆ ಬಾಯಿಪಾಟ.” ಎಲ್ಲರೂ ನಕ್ಕರು. ಅವಳೂ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ಮುಂದಿನ ಸಲ ಬಂದದ್ದು ಉರಿಮೂತ್ರಕ್ಕೆ. ಗಂಡಸರ ನಡುವೆ ನಾಚಿ, ಪಿಸುದನಿಯಲ್ಲಿ ಅಷ್ಟು ಹೇಳಿ ಸುಮ್ಮನಾದಳು. ಆ ಹಳೆಯ ಮಾತು ಬರಲಿಲ್ಲ. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಡಾಕ್ಟರ ಚೀಟಿ ಕೇಳಬೇಕಿದ್ದವನು ಕೇಳಲಿಲ್ಲ, ಹತ್ತು ಡಬಲ್ ಕತ್ತರಿಸಿ ಕೊಟ್ಟ.

ಹತ್ತು ದಿನದೊಳಗೆ ಅವಳ ಚರ್ಮ ಸುಲಿದು, ಬಾಯಿ ಕಣ್ಣೆಲ್ಲ ಹುಣ್ಣಾಗಿ ಮೈಸೂರಿಗೆ ಸಾಗಿಸಿದರು. ಜೀವ ಉಳಿಯಿತು. ಕಣ್ಣು ಮಂಜಾಯಿತು.

ಮೂರು ತಿಂಗಳ ಮೇಲೆ ಅವಳು ಕಣ್ಣಿನ ಡ್ರಾಪ್ಸಿನ ಚೀಟಿ ಹಿಡಿದು ಅಂಗಡಿಗೆ ಬಂದಳು.

“ಎಳೆ ಕಾಣಕಿಲ್ಲ ಅಂತ ಕೆಲ್ಸದಿಂದ ಬುಡುಸ್ಬುಟ್ರು,” ಎಂದಳು. “ಅವತ್ತು ನಾನೇ ಏಳ್ನಿಲ್ಲ ಕಣಪ್ಪ. ನಂದೇ ತಪ್ಪು.”

ಬೈದು ಉಗಿದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. “ಇಲ್ಲ ಕಣವ್ವ,” ಎಂದ. “ನಿನ್ ಬಾಯಿ ಮುಚ್ಸುದ್ದು ನಾನು. ಆ ಮಾತ್ರೇಲಿ ಸಲ್ಫಾ ಅದೆ ಅಂತ ಗೊತ್ತಿದ್ದೂ ಕೊಟ್ಟೋನೂ ನಾನೇ.”

ಅವನು ಡ್ರಾಪ್ಸಿನ ಡಬ್ಬಿ ತಿರುಗಿಸಿ, ಸಣ್ಣಕ್ಷರವನ್ನೆಲ್ಲ ಗಟ್ಟಿಯಾಗಿ ಓದಿ ಅವಳ ಮುಂದಿಟ್ಟ. ಅವಳು ಅದನ್ನು ಮುಟ್ಟಲಿಲ್ಲ. ಅವನ ಮುಖವಿದ್ದ ಕಡೆಗೆ ತಿರುಗಿ, ಗುರುತಿಲ್ಲದ ಅಂಗಡಿಯವನಿಗೆ ಹೇಳುವಂತೆ ಬಿಡಿಸಿ ಹೇಳಿದಳು:

“ಸಲ್ಫಾ ನಂಗಾಗಕಿಲ್ಲ ಕಣ್ರಿ.”