ಪಟೇಲರ ಬಾಳೆಎಲೆ ಸ್ನಾನ

"ಆ ಕೈಲಿ ಕೊಡಬ್ಯಾಡ ಅಂತ ಇನ್ನೆಷ್ಟು ಸಲ ಬಡ್ಕೋಬೇಕಮ್ಮಿ ನಿಂಗೆ? ಮಡಗು ಕೆಳಗೆ ಆ ಲೋಟವ."

ಪಟೇಲ ಸಿದ್ದವೀರಪ್ಪನವರು ಇದನ್ನು ಹೇಳಿದ್ದು ಅಂಗಾತ ಮಲಗಿಕೊಂಡು. ಮೈಮೇಲಿದ್ದದ್ದು ಒಂದು ಲಂಗೋಟಿ, ಹೊಟ್ಟೆಯ ಮೇಲೆ ಒದ್ದೆ ಕೆರೆಮಣ್ಣು. ಆ ಮಣ್ಣನ್ನು ಅಗೆದವನು ನಾನು, ಜರಡಿ ಹಿಡಿದವನು ನಾನು, ಕಾಲಲ್ಲಿ ತುಳಿದು ಹದ ಮಾಡಿದವನೂ ನಾನು. ಹೊಕ್ಕುಳಿನ ಸುತ್ತ ಸವರಿ ಒತ್ತಿದವಳು ದೇವೀರಮ್ಮ. ಸವರುವಾಗ ಆ ಕೈಗೆ ಮೈಲಿಗೆ ಇರಲಿಲ್ಲ. ಅದೇ ಕೈ ಸೋಪು ಹಾಕಿ ತೊಳೆದುಕೊಂಡು ಬಂದು ನಿಂಬೆ ನೀರು ಹಿಡಿದರೆ ಮೈಲಿಗೆ.

ದೇವೀರಮ್ಮ ಪ್ರಕೃತಿ ಚಿಕಿತ್ಸೆ ಕಾಲೇಜಿನಲ್ಲಿ ಓದು ಮುಗಿಸಿ, ಅದಕ್ಕೇ ಸೇರಿದ ಈ ಆಸ್ಪತ್ರೆಯಲ್ಲಿ ತರಬೇತಿ ಮಾಡುತ್ತಿದ್ದಳು. ಅದೊಂದು ಮುಗಿದರೆ ಡಾಕ್ಟರು. ಪಟೇಲರ ಊರಿನವಳೇ, ನಮ್ಮ ಕೇರಿಯವಳು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಇಲ್ಲಿ ಮಣ್ಣಿನ ಕೆಲಸಕ್ಕೆ ಸೇರಿದೆ, ಅವಳು ಬಿಡಲಿಲ್ಲ. ನಮ್ಮಿಬ್ಬರ ನಡುವೆ ಅಷ್ಟೇ ವ್ಯತ್ಯಾಸ. ಪಟೇಲರ ಕಣ್ಣಿಗೆ ಅದೂ ಇರಲಿಲ್ಲ.

ಪಟೇಲರು ಬಂದದ್ದು ಹೊಟ್ಟೆ ಕರಗಿಸಲಿಕ್ಕೆ. ನಮ್ಮ ಕೇರಿಯಲ್ಲಿ ಯಾರೂ ದುಡ್ಡು ಕೊಟ್ಟು ಉಪವಾಸ ಮಲಗಿದ್ದಿಲ್ಲ, ಪುಕ್ಕಟೆ ಸಿಗುತ್ತದೆ. ಇವರು ಕೋಣೆ ಹಿಡಿದು, ಫ್ಯಾನು ಹಾಕಿಸಿಕೊಂಡು ಹಸಿಯುತ್ತಿದ್ದರು. ಮನೆಯಿಂದ ಬಂದವರು ಟವೆಲ್ಲಿನಲ್ಲಿ ನಿಪ್ಪಟ್ಟು ಸುತ್ತಿ ತಾರದ ಹಾಗೆ ಬಾಗಿಲು ಕಾಯುವುದೂ ದೇವೀರಮ್ಮನ ತರಬೇತಿಯೇ. ಅಲ್ಲಿ ಕಾಯುವಷ್ಟು ಹೊತ್ತು ಅವಳ ಮಧ್ಯಾಹ್ನದ ಊಟ ತಪ್ಪಿಹೋಗುತ್ತಿತ್ತು. ಹೀಗೆ ಒಳಗೊಬ್ಬರು ಹೊರಗೊಬ್ಬರು ಉಪವಾಸ. ಪಥ್ಯ ಅಂತ ಬರೆದುಕೊಳ್ಳುತ್ತಿದ್ದದ್ದು ಒಳಗಿನವರದ್ದನ್ನು ಮಾತ್ರ.

ದಿನಾ ಬೆಳಿಗ್ಗೆ ಎನಿಮಾ ಕೊಡುವವಳೂ ಅವಳೇ. ಒಂದು ದಿನ ಅದನ್ನೇ ಹಿಡಿದು ಕೇಳಿಬಿಟ್ಟಳು.

"ಬೆಳಿಗ್ಗೆ ನನ್ನ ಕೈಲೇ ತಾನೆ ನೀರು ತಗಂಡ್ರಿ ಪಟೇಲ್ರೆ? ಅದೂ ಹೊಟ್ಟೆಗೇ ತಾನೆ ಹೋಗಿದ್ದು?"

ಪಟೇಲರಿಗೆ ಸಿಟ್ಟು ಬರಲಿಲ್ಲ. ಪಂಚಾಯ್ತಿಕಟ್ಟೆಯಲ್ಲಿ ಕೂತವರ ಹಾಗೆ ಕಣ್ಣು ಮುಚ್ಚಿ ಯೋಚನೆ ಮಾಡಿದರು.

"ಅದು ಹಿಂದ್ಲಿಂದ ಹೋದ್ದು. ಹೋದ ದಾರೀಲೇ ವಾಪಸ್ ಬಂತಲ್ಲ. ಶಾಸ್ತ್ರಕ್ಕೆ ಬಾಯಿ ಲೆಕ್ಕ ಕಣಮ್ಮಿ, ತಿಕ ಅಲ್ಲ."

ವಿಷಯ ಮುಖ್ಯ ವೈದ್ಯ ಶ್ರೀಕಂಠಸ್ವಾಮಿಯವರ ತನಕ ಹೋಯಿತು. ಅವರು ಬಹಳ ಒಳ್ಳೆಯವರು, ಯಾರಿಗೂ ಬೈಯುವವರಲ್ಲ. ಪಟೇಲರು ಹೊಸ ಕಟ್ಟಡ ಕಟ್ಟಿಸಿಕೊಟ್ಟಿದ್ದಾರೆ, ವಯಸ್ಸಾದವರು, ಅವರ ನಂಬಿಕೆ ಅವರಿಗೆ ಅಂತ ಸಮಾಧಾನ ಹೇಳಿದರು. ಆಮೇಲೆ ಒಂದು ಏರ್ಪಾಡು ಮಾಡಿದರು. ದೇವೀರಮ್ಮ ನಿಂಬೆ ಹಿಂಡಬಹುದು, ಜೇನು ಬೆರೆಸಬಹುದು, ಲೋಟಕ್ಕೂ ಹುಯ್ಯಬಹುದು. ಹುಯ್ದು ಕಿಟಕಿಯ ಮೇಲಿಟ್ಟು ಗಂಟೆ ಬಾರಿಸಬೇಕು. ಆಗ ಮೇಲುಜಾತಿಯ ಒಬ್ಬ ವಿದ್ಯಾರ್ಥಿ ಬಂದು ಅದನ್ನು ಕಿಟಕಿಯಿಂದ ಮಂಚದವರೆಗೆ ದಾಟಿಸಬೇಕು. ಹಾಗೆ ಡಾಕ್ಟರು ಕಲಿಯುವವರ ಪಾಳಿಯಲ್ಲಿ ಉಗಿಸ್ನಾನ, ಮಾಲೀಸುಗಳ ಜೊತೆಗೆ ಲೋಟ ಅಂತ ಹೊಸದೊಂದು ಕೆಲಸ ಸೇರಿತು.

"ತರಬೇತಿ ಮುಗೀತು ಅಂತ ಸಹಿ ಹಾಕೋನು ನಾನಮ್ಮ," ಎಂದರು ಶ್ರೀಕಂಠಸ್ವಾಮಿ. "ಈ ವಾರ ಒಂದು ತಡ್ಕೋ. ನಿನ್ನ ಕೈಯಿಂದ್ಲೇ ಲೋಟ ಅವರ ಬಾಯಿಗೆ ತಾಗಿತು ಅಂತ ನನ್ನ ಕಿವಿಗೆ ಬಿದ್ರೆ, ಇನ್ನೊಂದು ವರ್ಷ ಇಲ್ಲೇ ಮಣ್ಣು ಮೆತ್ತುತಾ ಇರು."

"ಎನಿಮಾ ತಾಗಿದ್ರೆ ಸರ್?"

"ಅದು ಚಿಕಿತ್ಸೆ."

ಆ ವಾರದಲ್ಲೇ ಹೊಸ ಕಟ್ಟಡದ ಉದ್ಘಾಟನೆಗೆ ಸಚಿವರು ಬರುವುದಿತ್ತು. ವೇದಿಕೆಯ ಮೇಲೆ ಪಟೇಲರಿಗೆ ಶಾಲು. ಶಾಲು ಹೊದೆಯುವ ಮುಂಚೆ ಇನ್ನೊಂದಿಷ್ಟು ಬೆವರು ಇಳಿದು ಮುಖಕ್ಕೆ ಕಳೆ ಬರಲಿ ಅಂತ ಪಟೇಲರೇ ಬಾಳೆಎಲೆ ಸ್ನಾನ ಬೇಕೆಂದರು. ಅಂದರೆ, ಮೈಯನ್ನೆಲ್ಲ ಬಾಳೆಎಲೆಯಲ್ಲಿ ಸುತ್ತಿ, ಹುರಿಯಲ್ಲಿ ಬಿಗಿದು, ಬಿಸಿಲಿಗೆ ಮಲಗಿಸುವುದು. ಮೊದಲು ಹೊಟ್ಟೆ ತುಂಬ ನೀರು ಕುಡಿಸಬೇಕು. ದೇವೀರಮ್ಮ ಚೊಂಬು ತುಂಬಿ ಹಿತ್ತಿಲ ಕಲ್ಲಿನ ಮೇಲಿಟ್ಟು ಗಂಟೆ ಬಾರಿಸಿದಳು. ಯಾರೂ ಬರಲಿಲ್ಲ. ಲೋಟದ ಪಾಳಿಯವನೂ ಸೇರಿ ಅಷ್ಟೂ ವಿದ್ಯಾರ್ಥಿಗಳು ಹೂವಿನ ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿದ್ದರು.

ನೀರು ಕುಡಿಯದೆ ಎಲೆ ಕಟ್ಟುವ ಹಾಗಿಲ್ಲ ಅಂತ ಅವಳು ಹೇಳಿದಳು. ಪಟೇಲರು ನನ್ನ ಕಡೆ ತಿರುಗಿದರು.

"ಏನ್ಲಾ ಮರಿಯ, ನಿಂತ್ಕಂಡು ಬಾಯ್ ನೋಡ್ತಿದ್ದೀಯ, ಬೇವರ್ಸಿ ನನ್ಮಗನೆ. ಸಚಿವರು ಬರೋ ಹೊತ್ತಾಯ್ತು. ಕಟ್ಟು."

ಕಟ್ಟಿದೆ. ಅವರಪ್ಪನ ಚಟ್ಟ ಕಟ್ಟಿದ್ದು ನಮ್ಮಪ್ಪ, ಆ ಕೆಲಸ ಕೈಗೆ ಬಂದಿತ್ತು. ಕಾಲು, ತೊಡೆ, ಹೊಟ್ಟೆ, ಪಕ್ಕಕ್ಕೆ ಎರಡು ಕೈ, ಕುತ್ತಿಗೆಯವರೆಗೂ ಹಸಿರು. ದೇವೀರಮ್ಮ ತಲೆಗೆ ಒದ್ದೆ ಬಟ್ಟೆ ಹಾಕಿ, ನೆಲ ಇನ್ನೂ ಪೂರ್ತಿ ಕಾಯುವ ಮುಂಚೆ ಬಿಚ್ಚಿಬಿಡಬೇಕು ಮರಿಯಣ್ಣ ಅಂದಳು.

ಸ್ವಲ್ಪ ಹೊತ್ತಿಗೇ ಪಟೇಲರ ತುಟಿ ಒಣಗಿತು. ಎಲೆಯ ಸಂದಿಯಿಂದ ಬೆವರು ಹರಿದು ಹುರಿ ನೆನೆದು ಗಂಟುಗಳು ಬಿಗಿದುಕೊಂಡಿದ್ದವು. ಉಗುರಿನಲ್ಲಿ ಕಿತ್ತೆ, ಹಲ್ಲಿನಲ್ಲಿ ಕಚ್ಚಿ ಎಳೆದೆ, ಬರಲಿಲ್ಲ. ಕತ್ತರಿ ಹುಡುಕಿದೆ. ಚಿಕಿತ್ಸೆ ಕೋಣೆಯಲ್ಲಿದ್ದ ಒಂದೇ ಕತ್ತರಿಯನ್ನು ಸಚಿವರು ಟೇಪು ಕತ್ತರಿಸಲಿ ಅಂತ ಒಯ್ದಿದ್ದರು.

"ನೀರು," ಅಂದರು ಪಟೇಲರು.

"ಯಾವ ಕೈಲಿ ಕೊಡ್ಲಿ?" ಅಂದಳು ದೇವೀರಮ್ಮ.

ಪಟೇಲರ ಕಣ್ಣು ಚೊಂಬಿನ ಮೇಲಿತ್ತು. ಕತ್ತು ಈ ಕಡೆ ಆ ಕಡೆ ತಿರುಗಿತು. ಸುತ್ತ ನಾವಿಬ್ಬರೇ.

"ತಾಗಿಸ್ಬ್ಯಾಡ ಮತ್ತೆ," ಅಂದರು.

ಅವಳು ಕಲ್ಲು ಹತ್ತಿ ನಿಂತಳು. ನನಗೆ ಪಟೇಲರ ಮನೆಯ ಜಗಲಿ ಕಣ್ಣಿಗೆ ಕಟ್ಟಿತು. ಕೆಳಗೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ ನಮ್ಮ ತಾತ, ಬಾಯಿಗೆ ಒಡ್ಡಿದ ಬೊಗಸೆ. ಮೇಲಿಂದ ಈ ಪಟೇಲರೇ ಹುಯ್ಯುತ್ತಿದ್ದದ್ದು. ಅರ್ಧ ನೀರು ಗಡ್ಡಕ್ಕೆ, ಅರ್ಧ ಎದೆಗೆ.

ಮಲಗಿದಲ್ಲೇ ಕುಡಿದರೆ ನೆತ್ತಿಗೆ ಏರುತ್ತೆ ಅಂತ ಅವಳು ಸನ್ನೆ ಮಾಡಿದಳು. ನಾನು ಪಟೇಲರ ತಲೆಯನ್ನು ಎತ್ತಿ ನನ್ನ ತೊಡೆಗೆ ಆನಿಸಿಕೊಂಡೆ. ಬೇಡ ಅನ್ನಲಿಲ್ಲ.

"ಬಾಯಿ ಬಿಡಿ," ಅಂದಳು. "ಇನ್ನೂ ಅಗಲ. ನನ್ನ ಚೊಂಬು ಮೈಲಿಗೆ ಆಗಬಾರದು."

ನೀರು ಮೊದಲು ಮೂಗಿಗೆ ಬಿತ್ತು, ಆಮೇಲೆ ಕೆನ್ನೆಗೆ. ಪಟೇಲರು ಗುಟುಕಿಗೆ ಕಾದ ಹಕ್ಕಿಮರಿಯ ಹಾಗೆ ಬಾಯನ್ನು ಧಾರೆಯ ಹಿಂದೆ ಹಿಂದೆ ಒಯ್ಯುತ್ತಿದ್ದರು. ಅತ್ತ ಮೈಕಿನಲ್ಲಿ ಸಮಾಜದ ಕಣ್ಮಣಿ, ಉದಾರ ದಾನಿ ಸಿದ್ದವೀರಪ್ಪನವರು ವೇದಿಕೆಗೆ ಬಂದು ಸನ್ಮಾನ ಸ್ವೀಕರಿಸಬೇಕು ಅಂತ ಕೂಗುತ್ತಿದ್ದರು. ಕೂಗಿದರು, ಚಪ್ಪಾಳೆ ಹೊಡೆದರು, ಮತ್ತೆ ಕೂಗಿದರು.

ಶ್ರೀಕಂಠಸ್ವಾಮಿ ಓಡಿ ಬಂದರು. ಒಂದು ಕೈಯಲ್ಲಿ ಶಾಲು, ಇನ್ನೊಂದರಲ್ಲಿ ಕತ್ತರಿ, ಅದರ ಬಾಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಕೆಂಪು ಟೇಪಿನ ಚೂರು. ಕಲ್ಲಿನ ಮೇಲೆ ನಿಂತವಳನ್ನು ನೋಡಿದರು. ನನ್ನ ತೊಡೆಯ ಮೇಲಿದ್ದ ತಲೆಯನ್ನು ನೋಡಿದರು.

"ನಿನ್ನ ಸಹಿ ಮರೆತುಬಿಡು," ಅಂದರು.

"ತಾಗಿಸಿಲ್ಲ ಸರ್. ಎತ್ತರದಿಂದ ಹುಯ್ತಿದ್ದೀನಿ. ಅವರ ಮನೆ ಪದ್ಧತಿ."

"ಇಳಿ ಕೆಳಗೆ ಮೊದ್ಲು. ಇಳೀತೀಯೋ ಇಲ್ವೋ?"

ಪಟೇಲರು ಕಣ್ಣು ಬಿಡಲಿಲ್ಲ. ನನ್ನ ತೊಡೆಯ ಮೇಲಿಂದ ಕತ್ತು ಚಾಚಿ ಮತ್ತೆ ಬಾಯಿ ತೆರೆದರು.

"ನೀ ಸುಮ್ಕಿರಯ್ಯ. ಇನ್ನೊಸಿ ಹುಯ್ಯಮ್ಮಿ."

ದೇವೀರಮ್ಮ ಚೊಂಬನ್ನು ಇನ್ನೊಂದು ಗೇಣು ಮೇಲೆತ್ತಿದಳು.